ಮೊದಲ ಪುಟದಲ್ಲಿ ಒಂದು ಸಾಲು

ಗದಗ, ಫೆಬ್ರವರಿ ೩೦, ೨೧೮೮

ಪ್ರೀತಿಯ ಚಂಪಾವತಿ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಫೆಬ್ರವರಿಗೆ ಈಗ ಮೂವತ್ತು ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಓದಿದ್ದು ಇಂಗ್ಲಿಷ್ ಮೀಡಿಯಂ, ನಿಮ್ಮ ಕಾಲದ ಮಾತನ್ನು ಹಳೆಯ ರೆಕಾರ್ಡಿಂಗ್ ಕೇಳಿ ಕಲಿತೆ. ನಾನು ಇಂಪನಾ, ನಿಮ್ಮ ವಂಶದ ಉದಿತನ ಹೊಸ ಹೆಂಡತಿ. ಎಷ್ಟು ಖುಷಿಯೆಂದರೆ ಇವತ್ತು ಚಹಾಕ್ಕೆ ಉಪ್ಪು ಹಾಕಿದೆ, ಅವನು ಪೂರ್ತಿ ಕುಡಿದ!

ಹೊಸ ದಂಪತಿಗೆ ಇಲ್ಲಿ ಒಂದು ಹಿಂಚೆ ಉಚಿತ. ಹಿಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಜನ ಅದರಲ್ಲಿ ಮುತ್ತಜ್ಜನಿಗೆ ಸೈಟು ಕೊಳ್ಳಲು ಹೇಳುತ್ತಾರೆ. ನಾವು ನಿಮ್ಮ ಕಾದಂಬರಿಗಾಗಿ ಬರೆಯುತ್ತಿದ್ದೇವೆ.

ಗಡಿಯಾರ ರಿಪೇರಿಯವನ ಕೊಲೆಯ ಕಥೆ, ನೀವು ಯಾರಿಗೂ ತೋರಿಸದೆ ಇಟ್ಟದ್ದು. ನಮ್ಮಲ್ಲಿ 'ಮೌನಹಕ್ಕು' ಎಂಬ ಕಾನೂನಿದೆ. ಬರೆದವರು ಪ್ರಕಟಿಸದೆ, ಏನೂ ಹೇಳದೆ ತೀರಿಹೋದರೆ ಅವರ ಮೌನವೇ ನಿರಾಕರಣೆ. ನೂರೈವತ್ತು ವರ್ಷ ಮನೆಯವರೂ ಓದುವಂತಿಲ್ಲ. ಇನ್ನೆಷ್ಟು ವರ್ಷ ಉಳಿದಿದೆ ಎಂದು ಹೇಳಲಾರೆ, ನೀವು ನಿಮ್ಮ ಆಯುಸ್ಸು ಲೆಕ್ಕ ಹಾಕಿಬಿಡುತ್ತೀರಿ! ಹಸ್ತಪ್ರತಿ ಗಾಜಿನ ಪೆಟ್ಟಿಗೆಯಲ್ಲಿದೆ. ಕಾಣುವುದು ಮೊದಲ ಪುಟ ಮಾತ್ರ: ಕಾದಂಬರಿಯ ಹೆಸರು, ಕೆಳಗೆ ಬರೀ ಖಾಲಿ ಜಾಗ.

ಆದರೆ ಹಪ್ಪಳ ಒಣಗಿಸುತ್ತ ಮೊದಲ ಅಧ್ಯಾಯವನ್ನು ನೀವು ತಂಗಿಗೆ ಹೇಳಿದಿರಲ್ಲ, ಅದು ಬಾಯಿಂದ ಬಾಯಿಗೆ ನಮ್ಮವರೆಗೂ ಬಂದಿದೆ. ಒಳಗಿನಿಂದ ಚಿಲಕ ಹಾಕಿದ ಅಂಗಡಿ, ಸತ್ತ ಮನುಷ್ಯ, ನಿಂತ ಗಡಿಯಾರಗಳು, ಎದುರಿಗೊಬ್ಬ ಚಹಾದಂಗಡಿಯವನು. ಈ ಮನೆಗೆ ಬರುವ ಸೊಸೆ ಹೊಸ್ತಿಲಲ್ಲಿ ನಿಂತು ಕೊಲೆಗಾರ ಯಾರೆಂದು ಊಹಿಸಬೇಕು, ಆಮೇಲೆಯೇ ಬೆಲ್ಲ. ನಾನು ಚಹಾದಂಗಡಿಯವನೆಂದೆ. ಉದಿತನ ಅಜ್ಜಿ ಧೃತಿ ನಕ್ಕುಬಿಟ್ಟರು: "ಅಯ್ಯ, ನಾ ಸೊಸಿಯಾಗಿ ಬಂದಾಗೂ ಅವನ್ನ ಹಿಡಿದಿದ್ದೆ!"

ಅವರಿಗೀಗ ತೊಂಬತ್ತು. ಮೊನ್ನೆ ಆಸ್ಪತ್ರೆಯಿಂದ ಬಂದವರೇ ಪೆಟ್ಟಿಗೆಯ ಮುಂದೆ ಕೂತು, "ಕೊಂದಾಂವ ಯಾರಂತ ಗೊತ್ತಾಗದ ನಾ ಸಾಯಂಗಿಲ್ಲ ನೋಡ್" ಎಂದರು. "ಹಂಗಾರ ತೆಗೆಯೂದ ಬ್ಯಾಡ, ನೀ ಇರು" ಎಂದ ಉದಿತ. ಎಲ್ಲರೂ ನಕ್ಕೆವು. ಆಮೇಲೆ ಅವನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡ. ಅವಧಿ ಮುಗಿಯುವವರೆಗೆ ಅಜ್ಜಿ ಉಳಿಯುವುದಿಲ್ಲ, ವೈದ್ಯರು ಹೇಳಿದ್ದಾರೆ.

ಅದಕ್ಕೇ ಬೇಡುತ್ತಿದ್ದೇನೆ. ಆ ಖಾಲಿ ಜಾಗದಲ್ಲಿ 'ಓದಬಹುದು' ಎಂದು ಬರೆದು ಸಹಿ ಹಾಕಿ. ನೀವಲ್ಲಿ ಬರೆದರೆ ನಾಳೆ ಬೆಳಿಗ್ಗೆ ಇಲ್ಲಿ ಕಾಣುತ್ತದೆ. ಅಜ್ಜಿ ಈಗಲೇ ಕನ್ನಡಕ ಒರೆಸಿಟ್ಟಿದ್ದಾರೆ. ಯಾರೂ ಓದಬಾರದೆಂಬುದೇ ನಿಮ್ಮ ಮನಸ್ಸಾಗಿದ್ದರೆ 'ಬೇಡ' ಎಂದು ಬರೆಯಿರಿ. ನಾವು ಮುಟ್ಟುವುದಿಲ್ಲ, ಆಣೆ.

ಆದರೆ ಆಗ ಕೆಳಗೆ, ಸಣ್ಣ ಅಕ್ಷರದಲ್ಲಿ, ಕೊಂದವನ ಹೆಸರಷ್ಟೇ ಬರೆದುಬಿಡಿ. ಅಜ್ಜಿಗೆ.

ನಿಮ್ಮ,
ಇಂಪನಾ