ನರಿ ಮುಖ ನೋಡಿ ಎದ್ದವಳು

ಆಸ್ಪತ್ರೆ ಕ್ವಾರ್ಟರ್ಸ್, ಎರಡನೇ ಮಹಡಿ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೇ? ಹಲ್ಲಿನ ತಂತಿ ಈ ತಿಂಗಳು ಬಿಗಿ ಮಾಡಿಸಬೇಕಿತ್ತು, ಅಪ್ಪ ಕರಕೊಂಡು ಹೋದರಾ? ಮಾಡಿಸಿದ ಮೇಲೆ ಎರಡು ದಿನ ಮೆತ್ತಗಿರುವುದನ್ನೇ ತಿನ್ನು. ಅವರಿಗೆ ನೆನಪಿರುವುದಿಲ್ಲ, ನೀನೇ ಬಾಯಿ ಬಿಟ್ಟು ಹೇಳು. ನಾನು ಚೆನ್ನಾಗಿದ್ದೇನೆ, ಮಂಡಿ ನೋವು ಇದ್ದದ್ದೇ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಒಡೆದಾದರೂ ನೋಡುತ್ತೀಯೇನೋ ಅಂತ ಬರೆಯಲು ಕೂತೆ.

ನೀನು ಅಪ್ಪನ ಮನೆಗೆ ಹೋಗಿ ಇವತ್ತಿಗೆ ಒಂಬತ್ತು ವಾರ. "ಈ ಕ್ಯಾಮೆರಾ ನಿನಗೆ ಅನ್ನ ಹಾಕುತ್ತಾ?" ಅಂತ ನಾನು ಅಂದೆ. ನೀನು ಅದನ್ನು ಊಟದ ಮೇಜಿನ ಮೇಲೆ ಕುಕ್ಕಿ ಹೊರಟುಹೋದೆ. ಹತ್ತು ದಿನ ಅದು ಅಲ್ಲೇ ಇತ್ತು. ಮೇಜಿನ ಆ ಕಡೆ ಅದು, ಈ ಕಡೆ ನಾನು, ಅದರ ಮುಖ ನೋಡಿಕೊಂಡೇ ಉಣ್ಣುತ್ತಿದ್ದೆ. ಹನ್ನೊಂದನೇ ದಿನ ಕೈಗೆತ್ತಿಕೊಂಡೆ.

ನಗಬೇಡ. ಆಸ್ಪತ್ರೆ ಲಾಂಡ್ರಿಯ ಹಿಂದಿನ ಹುಲ್ಲುಬಯಲು ಗೊತ್ತಲ್ಲ, ಹೋದ ವರ್ಷ ನೀನು ನರಿಮರಿಗಳ ಫೋಟೋ ತೆಗೆದ ಜಾಗ. ಬೆಳಗ್ಗೆ ಡ್ಯೂಟಿಗೆ ಮುಂಚೆ ಅಲ್ಲಿ ಹಳೇ ಹಾಸಿಗೆಗಳ ರಾಶಿ ಮರೆಯಲ್ಲಿ ಕೂರತೊಡಗಿದೆ. ಮೂರನೇ ದಿನವೇ ನರಿ ಬಂತು. ಕ್ಯಾಮೆರಾವನ್ನು ಆಟೋ ಮೋಡ್‌ನಲ್ಲಿಟ್ಟು ಗುಂಡಿ ಒತ್ತಿದೆ. ಹುಲ್ಲಿನ ಒಂದೊಂದು ಎಸಳೂ ಸ್ಪಷ್ಟ, ನರಿ ಇದ್ದ ಕಡೆ ಮಾತ್ರ ಕಂದು ಹೊಗೆ! ಎರಡು ವಾರ ಬರೀ ಹೊಗೆ ಹಿಡಿದದ್ದಾಯಿತು. ಕೊನೆಗೆ ಕ್ಯಾಮೆರಾ ರಿಪೇರಿ ಮಾಡುವ ಅಜ್ಜನ ಹತ್ತಿರ ಒಯ್ದರೆ, "ಕ್ಯಾಮೆರಾ ಕೆಟ್ಟಿಲ್ಲಮ್ಮ, ಯಜಮಾನಿಕೆಯನ್ನು ನೀವು ಅದಕ್ಕೆ ಬಿಟ್ಟುಕೊಟ್ಟಿದ್ದೀರಿ" ಅಂತ ಮೇಲಿನ ಚಕ್ರವನ್ನು 'ಎಂ'ಗೆ, ಅಂದರೆ ಮ್ಯಾನ್ಯುವಲ್‌ಗೆ, ತಿರುಗಿಸಿದರು. ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಲೆನ್ಸ್ ಎಷ್ಟು ಬಾಯಿ ಬಿಡಬೇಕು, ಬೆಳಕಿಗೆ ಅದು ಎಷ್ಟು ಚುರುಕಾಗಬೇಕು ಅನ್ನುವ ಐಎಸ್‌ಒ ಎಷ್ಟು ಏರಬೇಕು, ಮೂರನ್ನೂ ನಾನೇ ಹೇಳಬೇಕಂತೆ. ಮೊದಲು ತಲೆ ಗಿರ್ರೆಂದಿತು. ಆಮೇಲೆ ಹೊಳೆಯಿತು, ಇಪ್ಪತ್ತೊಂದು ವರ್ಷದಿಂದ ಎಕ್ಸ್‌ರೇ ಕೋಣೆಯಲ್ಲಿ ನಾನು ಮಾಡುತ್ತಿರುವುದಾದರೂ ಏನು? ಒದ್ದಾಡುವ ಮಗು ಬಂದರೆ ಹೊತ್ತು ಕಮ್ಮಿ ಮಾಡಿ ಕಿರಣದ ಬಿರುಸು ಏರಿಸುತ್ತೇವೆ. ನರಿಯೂ ಒದ್ದಾಡುವ ಮಗುವೇ. "ಉಸಿರು ಹಿಡ್ಕೊಳ್ಳಿ" ಅಂತ ಅದಕ್ಕೆ ಹೇಳುವ ಹಾಗಿಲ್ಲ, ನಾನೇ ಹಿಡಿಯಬೇಕು, ಅಷ್ಟೇ.

ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಇಟ್ಟೆ, ಫೋಟೋ ಕಗ್ಗತ್ತಲಾಯಿತು. ಲೆನ್ಸ್ ಪೂರ್ತಿ ತೆರೆದು ಐಎಸ್‌ಒ ಏರಿಸಿದೆ, ಫೋಟೋ ಮೇಲೆಲ್ಲ ಮರಳು ಚೆಲ್ಲಿದ ಹಾಗಾಯಿತು, ಆದರೆ ಮೀಸೆ ಕಂಡಿತು! ಫೋಕಸ್ ಒಂದು ದಿನ ಕಿವಿಗೆ, ಇನ್ನೊಂದು ದಿನ ಬಾಲಕ್ಕೆ. "ಮೇಡಂ, ದಿನಾ ನರಿ ಮುಖ ನೋಡ್ತೀರಿ, ಅದೃಷ್ಟ ಯಾವಾಗ ಬರೋದು?" ಅಂತ ವಾಚ್‌ಮನ್ ರೇಗಿಸುತ್ತಿದ್ದ. ಕೆಲವು ದಿನ ನಾನು ಕೆಲಸದ ಮಾತು ಬಿಟ್ಟು ಬೇರೆ ವಿಷಯ ಮಾತಾಡಿದ್ದು ಅವನೊಬ್ಬನ ಜೊತೆಗೇ.

ಮೊನ್ನೆ ಗುರುವಾರ ನರಿ ತೀರಾ ಹತ್ತಿರ ಬಂತು. ಹಿಂದಿನ ಎಡಗಾಲನ್ನು ತುಸು ಎತ್ತಿಡುತ್ತದೆ. ಯಾವಾಗಲೋ ಮುರಿದು, ನೋಡಿಕೊಳ್ಳುವವರಿಲ್ಲದೆ ಸೊಟ್ಟಗೆ ಕೂಡಿಕೊಂಡ ಮೂಳೆ, ನನಗೆ ಕಂಡರೆ ಗೊತ್ತಾಗುತ್ತದೆ. ನಿಂತು ನೇರ ನನ್ನ ಕಡೆ ನೋಡಿತು. ಫೋಕಸ್ ಚುಕ್ಕಿಯನ್ನು ಅದರ ಕಣ್ಣಿನ ಮೇಲಿಟ್ಟು ಒತ್ತಿದೆ. ಪರದೆಯಲ್ಲಿ ನೋಡಿದರೆ ಕಣ್ಣೊಳಗೆ ಬೆಳಕು, ಮೀಸೆ ತುದಿಗೆ ಇಬ್ಬನಿ. "ಸಿಕ್ತು ಕಣೇ!" ಅಂತ ಕೂಗಿ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಹರಿದ ಹಾಸಿಗೆ ಇತ್ತು. ಕೂಗಿಗೆ ಹೆದರಿ ನರಿಯೂ ಓಡಿಹೋಯಿತು. ಅಲ್ಲೇ ಸುಮಾರು ಹೊತ್ತು ಕೂತಿದ್ದೆ. ಅವತ್ತು ಡ್ಯೂಟಿಗೆ ತಡವಾಯಿತು.

ಅದೇ ಹುಲ್ಲಿನಲ್ಲಿ ನೀನು ಗಂಟೆಗಟ್ಟಲೆ ಅಲ್ಲಾಡದೆ ಕೂತಿರುತ್ತಿದ್ದೆ. ನಾನು ಕಿಟಕಿಯಿಂದ "ಸೋಮಾರಿ" ಅಂತ ಕೂಗುತ್ತಿದ್ದೆ. ಅದು ಎಂಥ ಕೆಲಸ ಅಂತ ಈಗ ಗೊತ್ತಾಯಿತು ಕಣೇ.

ಚೆನ್ನಾಗಿ ಓದು ಅಂತ ಈ ಸಲ ಬರೆಯುವುದಿಲ್ಲ, ಚೆನ್ನಾಗಿ ನಿದ್ದೆ ಮಾಡು. ಅಪ್ಪನನ್ನು ಕೇಳಿದೆ ಅಂತ ಹೇಳು, ಹೇಳದಿದ್ದರೂ ಅಡ್ಡಿಯಿಲ್ಲ. ಎಲ್ಲಿದ್ದರೂ ತಣ್ಣಗಿರು ತಾಯೀ.

ನಿನ್ನ
ಅಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. ಇಷ್ಟುದ್ದ ಸುತ್ತಿ ಬಳಸಿ ಬರೆದದ್ದು ಇದನ್ನು ಹೇಳಲು ಧೈರ್ಯವಿಲ್ಲದೆ. ಕ್ಯಾಮೆರಾ ಮುಟ್ಟಿದ ಮೊದಲ ದಿನ ಯಾವ ಗುಂಡಿ ಒತ್ತಿದೆನೋ, 'ಫಾರ್ಮ್ಯಾಟ್' ಮಾಡಲಾ ಅಂತ ಕೇಳಿತು. ಅರ್ಥವಾಗದೆ ಹೂಂ ಅಂತ ಒತ್ತಿಬಿಟ್ಟೆ. ನಿನ್ನ ನರಿಮರಿಗಳು, ನಾನೂರು ಚಿಲ್ಲರೆ ಫೋಟೋ, ಎಲ್ಲ ಹೋದವು. ರಿಪೇರಿ ಅಜ್ಜ ಎರಡು ಸಲ ಹುಡುಕಿ ಕೈಚೆಲ್ಲಿದರು. ಅದನ್ನು ತುಂಬಿಕೊಡೋಣ ಅಂತಲೇ ಇಷ್ಟು ವಾರ ನರಿ ಹಿಂದೆ ಬಿದ್ದದ್ದು. ಸಿಕ್ಕಿದ್ದು ಒಂದೇ ಒಂದು, ಇದರೊಳಗೆ ಇಟ್ಟಿದ್ದೇನೆ. ಬೈಯುವುದಕ್ಕಾದರೂ ಒಂದು ಸಲ ಫೋನ್ ಮಾಡೇ.