ಲಿಫ್ಟಿನ ಬಾಗಿಲು ತೆರೆದರೆ ಆಟ ನಿಲ್ಲುತ್ತದೆ

ಪ್ರಿಯ ಗೂಬೆ,

ನಮ್ಮ ಹಳೆಯ ಶೂಟಿಂಗ್ ಗೇಮನ್ನು ಇವತ್ತು ಮತ್ತೆ ಹಾಕಿದೆ. ಗೇಮನ್ನು ಬದಲಿಸಲು ಅಭಿಮಾನಿಗಳು ತಾವೇ ಬರೆದು ಹಂಚುವ ಹೊಸ ಮಾಡ್‌ಗಳನ್ನು ಸೇರಿಸಿದ ಮೇಲೆ ಗೋಡೆ, ಬೆಳಕು, ಬಂದೂಕಿನ ಸದ್ದು ಎಲ್ಲವೂ ಈಗಿನ ಗೇಮಿನಂತೆಯೇ ಆಗಿವೆ. ಆದರೆ ನಾಲ್ಕನೇ ಹಂತದಲ್ಲಿ ಲಿಫ್ಟಿನ ಬಾಗಿಲು ತೆರೆದ ಕೂಡಲೇ ಆಟ ನಿಂತುಹೋಗುತ್ತದೆ. ಮೂಲ ಗೇಮಿನಲ್ಲಿ ಕೆಟ್ಟು ನಿಂತಿದ್ದ ಆ ಲಿಫ್ಟನ್ನು ಓಡಿಸಿದ ನಮ್ಮ ಮಾಡ್ ಹೊಸವುಗಳ ಜೊತೆ ಹೊಂದುತ್ತಿಲ್ಲ.

ನಮ್ಮ ಎಂದೆ. ಮೂರು ತಿಂಗಳು ಕೂತು ಅದನ್ನು ಬರೆದವನು ನೀನು. ನಾನು ಆಡಿ ನೋಡಿ ತಪ್ಪು ಹೇಳುತ್ತಿದ್ದೆ, ಅಷ್ಟೇ. ಅಭಿಮಾನಿಗಳ ಆನ್‌ಲೈನ್ ಫೋರಮ್ಮಿಗೆ ಹಾಕುವಾಗ ಮಾತ್ರ ನನ್ನ ಹೆಸರೊಂದನ್ನೇ ಹಾಕಿದೆ. "ಇಟ್ಕೊಳಪ್ಪ, ನಿಂದೇ ಅದು" ಎಂದು ಎದ್ದುಹೋದ ನೀನು ಮತ್ತೆ ಬರಲಿಲ್ಲ.

ಅಲ್ಲೀಗ ದಿನಕ್ಕೊಬ್ಬರು ಕೇಳುತ್ತಾರೆ: "ಗುರುಗಳೇ, ನಿಮ್ಮ ಲಿಫ್ಟ್ ಕೈಕೊಡ್ತಿದೆ, ಸ್ವಲ್ಪ ನೋಡಿ." ಬೆಳಗ್ಗೆಯಿಂದ ನೋಡಿದೆ. ನಿನ್ನ ನಾನೂರು ಸಾಲು ಕೋಡಿನ ತಲೆಬುಡ ತಿಳಿಯಲಿಲ್ಲ. ಒಂದು ಸಾಲು ಬದಲಿಸಿದರೆ ಬಾಗಿಲೇ ತೆರೆಯುವುದಿಲ್ಲ, ಇನ್ನೊಂದು ಬದಲಿಸಿದರೆ ಲಿಫ್ಟ್ ನನ್ನನ್ನು ಕೆಳಗೇ ಬಿಟ್ಟು ಹೋಗುತ್ತದೆ.

ಹೆಂಡತಿ ಹಿಂದೆ ನಿಂತು ನೋಡಿ, "ನೀವೇ ಮಾಡಿದ್ದಲ್ವಾ? ಮತ್ತೆ ಯಾಕಿಷ್ಟು ಒದ್ದಾಟ?" ಎಂದಳು.

"ಹಳೇದಲ್ವಾ, ಮರೆತುಹೋಗಿದೆ" ಎಂದೆ.

ಇದು ನಾನು ಮಾಡಿದ್ದಲ್ಲ ಎಂದು ಫೋರಮ್ಮಿನಲ್ಲಿ ಟೈಪ್ ಮಾಡಿ, ನಿನ್ನ ಹೆಸರನ್ನೂ ಸೇರಿಸಿದೆ. ಕಳಿಸುವ ಮೊದಲು ಅಳಿಸಿದೆ. ಬದಲಿಗೆ, ಒಂದು ವಾರದಲ್ಲಿ ಸರಿಮಾಡಿ ಹಾಕುತ್ತೇನೆ ಎಂದು ಬರೆದೆ.

ಈಗಾಗಲೇ ಹನ್ನೊಂದು ಜನ ನನಗೆ ಧನ್ಯವಾದ ಹೇಳಿದ್ದಾರೆ.