ಬಾಣ ಸರಿಹೋಗಿದೆ, ಮಾವ

ಹ್ಯಾನ್ಕಾಕ್, ಮಿಷಿಗನ್

ಪ್ರೀತಿಯ ಟೋಯ್ವೊ ಮಾವನವರಿಗೆ,

ನಿಮ್ಮ ಮಗನಿಗೂ ನನಗೂ ವಿಚ್ಛೇದನವಾದ ಮೇಲೆ ನಿಮ್ಮನ್ನು ಹೀಗೆ ಕರೆಯಬಹುದೋ ಇಲ್ಲವೋ ತಿಳಿಯದು. ಬೇರೆ ಹೆಸರು ಬಾಯಿಗೆ ಬರಲಿಲ್ಲ.

ನೀವು ಕೊಟ್ಟ, ತುದಿಗಳಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲಿನ ಬಿಗಿಯನ್ನು ನನ್ನ ತೋಳಿಗೆ ತಕ್ಕಂತೆ ಇಳಿಸಿದ ಮೇಲೆ ಹಳೆಯ ಬಾಣಗಳು ವಾಲಾಡುತ್ತ ಹೋಗುತ್ತಿದ್ದವು. ಪರೀಕ್ಷಿಸಲು ಕಾಗದದ ಹಾಳೆ ಕಟ್ಟಿ ಹೊಡೆದರೆ ದುಂಡಗೆ ತೂತಾಗುವ ಬದಲು ಅಡ್ಡಡ್ಡ ಹರಿಯುತ್ತಿತ್ತು. ಬಿಲ್ಲಂಗಡಿಯ ವೈನೋ ನೋಡಿ, "ಬಿಲ್ಲು ಮೆತ್ತಗಾಯ್ತು, ಬಾಣ ಗಟ್ಟಿಯಾಗೇ ಉಳೀತು. ಸ್ವಲ್ಪ ಬಾಗೋದನ್ನ ತಗೋ," ಎಂದ. ಅಂಥವನ್ನೇ ಕೊಂಡು, ಬಿಲ್ಲಿನಲ್ಲಿ ಬಾಣ ಕೂರುವ ಜಾಗವನ್ನು ಕೂದಲೆಳೆಯಷ್ಟು ಸರಿಸಿದೆವು. ಈಗ ಬೇಟೆಯ ಅಲಗು ಸಿಕ್ಕಿಸಿದರೂ ನೆಟ್ಟಗೆ ಹೋಗುತ್ತದೆ. ಜಿಂಕೆ ನರಳಬೇಕಾಗಿಲ್ಲ.

ಹೊರಡುವಾಗ ವೈನೋ ಹೇಳಿದ: "ನಿನ್ನ ಮಾವ ಎರಡು ಸಲ ಬಂದಿದ್ದ ಕಣಮ್ಮ. 'ಹುಡುಗೀದು ಬಾಣ ಸರಿಹೋಯ್ತಾ' ಅಂತ ಕೇಳ್ದ. 'ನಾನು ಕೇಳ್ದೆ ಅಂತ ಅವಳಿಗೆ ಹೇಳ್ಬೇಡ' ಅಂದ."

ಮನೆಗೆ ಬಂದವಳೇ ಈ ಕಾಗದ ಬರೆಯಲು ಕೂತೆ.

ಶನಿವಾರದಿಂದ ಬೇಟೆ ಶುರು. ನಿಮ್ಮ ಜೌಗಿನಂಚಿನ ಅಟ್ಟಣೆಯಲ್ಲಿ ಈ ವರ್ಷವೂ ಕೂರಬಹುದೇ? ನಸುಕಿಗೆ ಬರುತ್ತೇನೆ. ಬೇಡವೆನಿಸಿದರೆ ಗೇಟಿನ ಬೀಗ ತೆಗೆಯಬೇಡಿ, ತಪ್ಪು ತಿಳಿಯುವುದಿಲ್ಲ. ಆದರೆ ಮಾಂಸದ ಕಡುಬು ಮಾತ್ರ ಇಬ್ಬರಿಗಾಗುವಷ್ಟು ಕಟ್ಟಿಕೊಂಡೇ ಬರುತ್ತೇನೆ.

ನಿಮ್ಮ
ಲೊರೇನ್